ಹ್ಯೂಮಿಸೀಲ್ 1ಬಿ73: ಮತ್ತೆ ಬಿಚ್ಚಬೇಕಾದ ಬೋರ್ಡಿಗೆ ಹಚ್ಚುವ ಕೋಟಿಂಗ್

ಬೋರ್ಡು ಇಂದಲ್ಲ ನಾಳೆ ರಿಪೇರಿಗೆ ಬಂದೇ ಬರುತ್ತದೆ ಅನ್ನುವಂಥ ಉಪಕರಣವಾದರೆ ಅದಕ್ಕೆ ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗನ್ನೇ (ಭಾಗಗಳನ್ನು ಕೂರಿಸಿದ ಸರ್ಕ್ಯೂಟ್ ಬೋರ್ಡಿನ ಮೈಗೆ ತೆಳ್ಳಗೆ ಹಚ್ಚುವ ರಕ್ಷಣೆಯ ಪದರ) ಹಾಕಿ. ಅಕ್ರಿಲಿಕ್‌ಗಳ ಪೈಕಿ ಮೊದಲು ಪರೀಕ್ಷಿಸಿ ನೋಡಬೇಕಾದದ್ದು ಚೇಸ್ ಕಾರ್ಪೊರೇಷನ್‌ನವರ ಹ್ಯೂಮಿಸೀಲ್ 1ಬಿ73. ಹಚ್ಚುವುದು ಸುಲಭ, ಒಣಗುವುದು ಬೇಗ, ಮತ್ತೆ ತೆಗೆಯುವುದು ಇನ್ನೂ ಸುಲಭ. ಆದರೆ ಬೋರ್ಡನ್ನು ಸರಿಯಾಗಿ ತೊಳೆಯುವ ವ್ಯವಸ್ಥೆ ನಿಮ್ಮಲ್ಲಿಲ್ಲದಿದ್ದರೆ ಇದಕ್ಕೆ ದುಡ್ಡು ಹಾಕಬೇಡಿ. ಕೊಳೆ ಬೋರ್ಡಿನ ಮೇಲೆ ಎಷ್ಟು ಒಳ್ಳೆಯ ಕೋಟಿಂಗ್ ಹಾಕಿದರೂ ಕೆಲವು ಮಳೆಗಾಲಗಳಲ್ಲೇ ಅದು ಬೊಬ್ಬೆ ಎದ್ದು ನಿಲ್ಲುತ್ತದೆ, ಆಮೇಲೆ ಬೈಗುಳ ಮಾತ್ರ ಕೋಟಿಂಗ್‌ಗೆ ಬೀಳುತ್ತದೆ.

ಡಬ್ಬದಲ್ಲಿರುವುದು ದ್ರಾವಕದಲ್ಲಿ ಕರಗಿಸಿದ ಅಕ್ರಿಲಿಕ್ ರಾಳ. ತೂಕದ ಲೆಕ್ಕದಲ್ಲಿ ರಾಳ ಸುಮಾರು ಶೇ. 30; ಉಳಿದದ್ದು ಆವಿಯಾಗಿ ಹೋಗುವ, ಬೇಗ ಬೆಂಕಿ ಹಿಡಿಯುವ ದ್ರಾವಕ. ಸ್ನಿಗ್ಧತೆ 220 ಸೆಂಟಿಪಾಯ್ಸ್ ಆಸುಪಾಸು. ಒಣಗುವಾಗ ಯಾವ ರಾಸಾಯನಿಕ ಕ್ರಿಯೆಯೂ ನಡೆಯುವುದಿಲ್ಲ. ದ್ರಾವಕ ಹಾರಿಹೋಗುತ್ತದೆ, ರಾಳದ ಪದರ ಉಳಿಯುತ್ತದೆ, ಅಷ್ಟೇ. ಅದೇ ಪದರಕ್ಕೆ ಮತ್ತೆ ದ್ರಾವಕ ಸೋಕಿಸಿದರೆ ಮತ್ತೆ ಕರಗುತ್ತದೆ. ರಿಪೇರಿ ಸಲೀಸಾಗುವುದು ಈ ಕಾರಣಕ್ಕೆ. ಪೆಟ್ರೋಲು, ಥಿನ್ನರ್ ತಾಗುವ ಜಾಗದಲ್ಲಿ ಇದು ನಿಲ್ಲದೇ ಇರುವುದೂ ಇದೇ ಕಾರಣಕ್ಕೆ.

ಮಾನದಂಡಗಳ ವಿಷಯ ಚಿಕ್ಕದಾಗಿ: ಕನ್ಫಾರ್ಮಲ್ ಕೋಟಿಂಗ್‌ಗಳ ಉದ್ಯಮ ಮಾನದಂಡವಾದ ಐಪಿಸಿ-ಸಿಸಿ-830ಕ್ಕೆ ಹೊಂದುತ್ತದೆ, ಅಮೆರಿಕದ ಸೇನೆಯ ಮಿಲ್-ಐ-46058ಸಿ ಅಡಿಯಲ್ಲೂ ಅರ್ಹತೆ ಪಡೆದಿದೆ, ಬೆಂಕಿ ನಿರೋಧಕ್ಕೆ ಯುಎಲ್ 94 ವಿ-0 ಇದೆ. ಆ ಮಿಲ್ ಮಾನದಂಡವನ್ನು ಹೊಸ ವಿನ್ಯಾಸಗಳಿಗೆ ಬಳಸಬಾರದೆಂದು 1998ರಲ್ಲೇ ಬದಿಗಿಟ್ಟಿದ್ದರೂ ಗ್ರಾಹಕರ ಡ್ರಾಯಿಂಗ್‌ಗಳಲ್ಲಿ ಅದರ ಹೆಸರು ಇನ್ನೂ ಬರುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ರಕ್ಷಣಾ ಸಂಸ್ಥೆಗಳಿಗೆ ಬೋರ್ಡು ಮಾಡಿಕೊಡುವ ಘಟಕಗಳಿಗೆ ಇದರ ಜೊತೆ ಜೆಎಸ್‌ಎಸ್ 55555 ಎಂಬ ಭಾರತೀಯ ಸೇನಾ ಮಾನದಂಡದ ಪರಿಸರ ಪರೀಕ್ಷೆಗಳೂ ಇರುತ್ತವೆ. ಒಂದು ಮಾತು ಗಮನದಲ್ಲಿರಲಿ: ಅರ್ಹತೆ ಪಡೆದಿರುವುದು ಡಬ್ಬದೊಳಗಿನ ವಸ್ತು, ನಿಮ್ಮ ಬೋರ್ಡಲ್ಲ. ನಿಮ್ಮ ಫ್ಲಕ್ಸ್ (ಬೆಸುಗೆ ಹತ್ತಲು ಹಚ್ಚುವ ವಸ್ತು), ನಿಮ್ಮ ಸೋಲ್ಡರ್ ಮಾಸ್ಕ್ (ಬೋರ್ಡಿನ ಮೇಲಿನ ಬಣ್ಣದ ರಕ್ಷಣಾ ಪದರ), ನಿಮ್ಮ ಕೈಕೆಲಸದ ಮೇಲೆ ಅದು ಹೇಗೆ ಕೂರುತ್ತದೆ ಎಂಬುದನ್ನು ನೀವೇ ಪರೀಕ್ಷೆ ಮಾಡಿ ನೋಡಬೇಕು.

ಬೋರ್ಡು ತೊಳೆಯುವುದು

ಕನ್ಫಾರ್ಮಲ್ ಕೋಟಿಂಗ್ ಹಾಕಿದರೆ ಬೋರ್ಡಿಗೆ ನೀರೇ ಹೋಗುವುದಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಅದು ತಪ್ಪು ತಿಳಿವಳಿಕೆ. ಎಲ್ಲ ಪ್ಲಾಸ್ಟಿಕ್ ಪದರಗಳ ಮೂಲಕವೂ ನೀರಿನ ಆವಿ ನಿಧಾನವಾಗಿ ಒಳಗೆ ಇಳಿಯುತ್ತದೆ, ಅಕ್ರಿಲಿಕ್ ಮೂಲಕವೂ ಇಳಿಯುತ್ತದೆ. ಕೋಟಿಂಗ್ ಮಾಡುವ ನಿಜವಾದ ಕೆಲಸ ಬೇರೆ. ಅದು ಬೋರ್ಡಿನ ಮೈಗೆ ಬಿಗಿಯಾಗಿ ಅಂಟಿಕೊಂಡಿದ್ದಷ್ಟು ದಿನ, ಒಳಗೆ ಬಂದ ಆವಿ ದ್ರವವಾಗಿ ಸೇರಿಕೊಳ್ಳಲು ಜಾಗವೇ ಸಿಗುವುದಿಲ್ಲ. ಎರಡು ಟ್ರ್ಯಾಕ್‌ಗಳ ನಡುವೆ ನೀರಿನ ಪೊರೆ ಕಟ್ಟದಿದ್ದರೆ ಲೋಹದ ಅಯಾನುಗಳು ಆಚೆಯಿಂದ ಈಚೆಗೆ ಹರಿಯುವುದಿಲ್ಲ, ಡೆಂಡ್ರೈಟ್ (ಟ್ರ್ಯಾಕ್‌ಗಳ ನಡುವೆ ಕವಲೊಡೆಯುವ ಲೋಹದ ಎಳೆ) ಬೆಳೆಯುವುದಿಲ್ಲ, ಶಾರ್ಟ್ ಆಗುವುದಿಲ್ಲ.

ಈಗ ಆ ಪದರದ ಕೆಳಗೆ ಸ್ವಲ್ಪ ಫ್ಲಕ್ಸ್ ಉಳಿದಿದೆ ಅಥವಾ ಬೆವರಿದ ಬೆರಳಿನ ಗುರುತು ಇದೆ ಎಂದುಕೊಳ್ಳಿ. ಆ ಉಪ್ಪು ಆವಿಯನ್ನು ಹೀರಿಕೊಂಡು ಅಲ್ಲೇ ಒಂದು ಹನಿ ದ್ರಾವಣವಾಗುತ್ತದೆ. ಹೊರಗಿನ ನೀರಿಗಿಂತ ಒಳಗಿನ ಹನಿ ಹೆಚ್ಚು ಉಪ್ಪಾಗಿರುವುದರಿಂದ ಅಭಿಸರಣೆಯ ಒತ್ತಡ ಇನ್ನಷ್ಟು ನೀರನ್ನು ಎಳೆಯುತ್ತದೆ, ಪದರ ಮೇಲಕ್ಕೆದ್ದು ಬೊಬ್ಬೆಯಾಗುತ್ತದೆ. ಪಿನ್ನುಗಳ ಸುತ್ತ ಸಾಲಾಗಿ ಬಿಳಿಯ ಸಣ್ಣ ಚುಕ್ಕೆಗಳು ಕಂಡರೆ ಅದೇ ಇದು. ಕೋಟಿಂಗ್ ಇಲ್ಲದ ಬೋರ್ಡಾದರೆ ಬಿಸಿಲು ಬಂದಾಗ ಒಣಗುತ್ತಿತ್ತು. ಇಲ್ಲಿ ತೇವ ಒಳಗೇ ಸಿಕ್ಕಿಕೊಂಡು, ವೋಲ್ಟೇಜ್ ಇದ್ದಷ್ಟು ಹೊತ್ತೂ ತಾಮ್ರವನ್ನು ತಿನ್ನುತ್ತಿರುತ್ತದೆ. ಕೊಳೆ ಬೋರ್ಡಿಗೆ ಕೋಟಿಂಗ್ ಹಾಕುವುದಕ್ಕಿಂತ ಹಾಕದೇ ಬಿಡುವುದು ಎಷ್ಟೋ ಸಲ ಮೇಲು.

ನೋ-ಕ್ಲೀನ್ ಫ್ಲಕ್ಸ್ ಬಳಸುತ್ತೇವೆ, ತೊಳೆಯುವ ಅಗತ್ಯವಿಲ್ಲ ಎನ್ನುವ ವಾದ ಅರ್ಧ ಮಾತ್ರ ಸರಿ. ರಿಫ್ಲೋ ಓವನ್‌ನಲ್ಲಿ ಪೂರ್ತಿ ಬಿಸಿ ಕಂಡ ನೋ-ಕ್ಲೀನ್ ಶೇಷ ಸಾಮಾನ್ಯವಾಗಿ ತಟಸ್ಥವಾಗಿರುತ್ತದೆ. ತೊಂದರೆ ಕೊಡುವುದು ಕೈ ಬೆಸುಗೆಯ ಟಚ್-ಅಪ್. ಫ್ಲಕ್ಸ್ ಪೆನ್ನಿನಿಂದ ಧಾರಾಳವಾಗಿ ಹಚ್ಚಿ, ಐರನ್ನನ್ನು ಒಂದೇ ಪಿನ್ನಿಗೆ ಮುಟ್ಟಿಸಿದರೆ, ಆಚೀಚೆ ಹರಿದ ಫ್ಲಕ್ಸ್‌ಗೆ ಬಿಸಿಯೇ ತಾಗಿರುವುದಿಲ್ಲ. ಅದರ ಆಮ್ಲ ಹಾಗೇ ಜೀವಂತವಾಗಿರುತ್ತದೆ. ಕೋಟಿಂಗ್ ಹಾಕಿದ ಬೋರ್ಡುಗಳು ಕೆಟ್ಟು ಬಂದಾಗ ಮೊದಲು ಟಚ್-ಅಪ್ ಆದ ಜಾಗಗಳನ್ನೇ ನೋಡಿ.

ಒಂದೇ ಟ್ರೇಯಲ್ಲಿ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಸುರಿದುಕೊಂಡು ಬ್ರಷ್‌ನಿಂದ ಉಜ್ಜುವುದು ತೊಳೆತವಲ್ಲ. ಹತ್ತನೇ ಬೋರ್ಡಿನ ಹೊತ್ತಿಗೆ ಆ ಟ್ರೇಯಲ್ಲಿರುವುದು ತೆಳುವಾದ ಫ್ಲಕ್ಸ್ ದ್ರಾವಣ. ಒಂದು ಕಡೆ ಇದ್ದ ಕೊಳೆ ಬೋರ್ಡಿನ ತುಂಬ ಸಮನಾಗಿ ಹರಡುತ್ತದೆ, ಕಣ್ಣಿಗೆ ಮಾತ್ರ ಚೊಕ್ಕಟವಾಗಿ ಕಾಣುತ್ತದೆ. ಐಪಿಎಯಲ್ಲೇ ಮಾಡಬೇಕಾದರೆ ಕನಿಷ್ಠ ಮೂರು ಪಾತ್ರೆ ಇರಲಿ: ಮೊದಲನೆಯದರಲ್ಲಿ ಬ್ರಷ್, ಎರಡನೆಯದರಲ್ಲಿ ಜಾಲಾಡಿಸುವುದು, ಮೂರನೆಯದರಲ್ಲಿ ಹೊಸ ಐಪಿಎಯಿಂದ ಕೊನೆಯ ತೊಳೆತ. ಮೊದಲನೆಯದು ಕೊಳೆಯಾದಾಗ ಚೆಲ್ಲಿ, ಎರಡನೆಯದನ್ನು ಮೊದಲನೆಯದಾಗಿಸಿ, ಮೂರನೆಯದನ್ನು ಎರಡನೆಯದಾಗಿಸಿ, ಹೊಸದನ್ನು ಕೊನೆಗೆ ತುಂಬಿ. ಸಂಖ್ಯೆ ಹೆಚ್ಚಿದ್ದರೆ ಸಪೋನಿಫೈಯರ್ (ಫ್ಲಕ್ಸನ್ನು ಸೋಪಿನಂತಾಗಿಸಿ ಕರಗಿಸುವ ಕ್ಷಾರ) ಬೆರೆಸಿದ ಬಿಸಿನೀರಿನ ಯಂತ್ರ, ಕೊನೆಗೆ ಡಿಅಯನೈಸ್ಡ್ ನೀರಿನ ತೊಳೆತವೇ ಸರಿ. ಬೋರ್‌ವೆಲ್ ನೀರು ಹತ್ತಿರಕ್ಕೂ ಬರಬಾರದು.

ತೊಳೆದದ್ದು ಸಾಕೇ ಎಂದು ತಿಳಿಯಲು, ಬೋರ್ಡಿನಿಂದ ದ್ರಾವಕಕ್ಕೆ ಇಳಿದ ಉಪ್ಪನ್ನು ಅಳೆಯುವ ರೋಸ್ ಪರೀಕ್ಷೆ ಇದೆ. ಪ್ರತಿ ಚದರ ಸೆಂಟಿಮೀಟರಿಗೆ 1.56 ಮೈಕ್ರೋಗ್ರಾಂ ಸೋಡಿಯಂ ಕ್ಲೋರೈಡ್ ಸಮಾನ ಎಂಬ ಹಳೆಯ ಗಡಿಯನ್ನು ಈಗಲೂ ಅನೇಕರು ಪಾಸ್-ಫೇಲ್ ಗೆರೆಯಾಗಿ ಹಿಡಿದುಕೊಂಡಿದ್ದಾರೆ. 2018ರ ಜೆ-ಎಸ್‌ಟಿಡಿ-001 (ಬೆಸುಗೆ ಕೆಲಸದ ಮಾನದಂಡ) ತಿದ್ದುಪಡಿ ಬಂದ ಮೇಲೆ ಆ ಒಂದು ಅಂಕಿಯನ್ನಷ್ಟೇ ತೋರಿಸಿ ಬೋರ್ಡು ಚೊಕ್ಕಟ ಎನ್ನಲು ಬರುವುದಿಲ್ಲ. ನಿಮ್ಮ ಪ್ರಕ್ರಿಯೆ ಸರಿಯಿದೆ ಎಂದು ಎಸ್‌ಐಆರ್‌ನಂಥ (ತೇವದಲ್ಲಿ ಬೋರ್ಡಿನ ಮೈಯ ವಿದ್ಯುತ್ ನಿರೋಧ ಅಳೆಯುವ) ಪರೀಕ್ಷೆಗಳ ಪುರಾವೆ ಬೇಕು. ಆದರೂ ದಿನದಿನದ ಏರುಪೇರು ಹಿಡಿಯಲು ರೋಸ್ ಉಪಯುಕ್ತ. ನಿನ್ನೆಯವರೆಗೆ 0.3 ಬರುತ್ತಿದ್ದದ್ದು ಇವತ್ತು 0.9 ಬಂದರೆ, ಎರಡೂ 1.56ಕ್ಕಿಂತ ಕಡಿಮೆ ಎಂದು ಸುಮ್ಮನಾಗದೆ ಏನು ಬದಲಾಯಿತು ಎಂದು ಹುಡುಕಿ.

ತೊಳೆದ ಮೇಲೆ 60ರಿಂದ 80 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಕ್ ಮಾಡಿ. ಐಸಿಗಳ ಕೆಳಗೆ, ಟ್ರಾನ್ಸ್‌ಫಾರ್ಮರ್ ಸುತ್ತುಗಳ ಒಳಗೆ ಸಿಕ್ಕಿಕೊಂಡ ನೀರು ಏರ್ ಗನ್ನಿಗೆ ಬಗ್ಗುವುದಿಲ್ಲ. ಆಮೇಲೆ ಕೈಗವಸಿಲ್ಲದೆ ಬೋರ್ಡು ಮುಟ್ಟಬಾರದು.

ಮಾಸ್ಕಿಂಗ್‌ನಲ್ಲಿ ಎಡವುವ ಕಡೆ

ಕನೆಕ್ಟರ್, ಸ್ವಿಚ್, ಪ್ರಿಸೆಟ್, ಸೀಲ್ ಇಲ್ಲದ ರಿಲೇ, ಟೆಸ್ಟ್ ಪಾಯಿಂಟ್, ಅಂಚಿನ ಚಿನ್ನದ ಬೆರಳುಗಳು, ಹೀಟ್‌ಸಿಂಕ್ ಕೂರುವ ಮೈ, ಅರ್ಥ್ ಆಗಬೇಕಾದ ಸ್ಕ್ರೂ ತೂತು, ಮೈಕ್ ಮತ್ತು ಒತ್ತಡ ಸಂವೇದಕದ ಬಾಯಿ, ಇವೆಲ್ಲವನ್ನೂ ಮುಚ್ಚಬೇಕು. ಇದು ಎಲ್ಲರಿಗೂ ಗೊತ್ತಿರುವ ಪಟ್ಟಿ. ಗೊತ್ತಿಲ್ಲದೆ ಕೈಕೊಡುವುದು ಟೇಪು. ಸಾಮಾನ್ಯವಾಗಿ ಸಿಗುವ ಕ್ಯಾಪ್ಟಾನ್ ಟೇಪಿನ (ಬಿಸಿ ತಾಳುವ ಪಾಲಿಇಮೈಡ್ ಟೇಪು) ಅಂಟು ಸಿಲಿಕೋನ್. ಕಿತ್ತಾಗ ಕಣ್ಣಿಗೆ ಕಾಣದಷ್ಟು ಸಿಲಿಕೋನ್ ಬೋರ್ಡಿನ ಮೇಲೆ ಉಳಿಯುತ್ತದೆ. ರಿಫ್ಲೋ ಅಥವಾ ವೇವ್ ಸೋಲ್ಡರಿಂಗ್ ಹೊತ್ತಿನಲ್ಲಿ ಆ ಟೇಪು ಹಾಕಿ ತೆಗೆದಿದ್ದ ಜಾಗದಲ್ಲಿ ಈಗ 1ಬಿ73 ಹಚ್ಚಿದರೆ ಅದು ನಿಲ್ಲದೆ ದುಂಡಗೆ ಸರಿದು ಗುಳಿ ಬೀಳುತ್ತದೆ. ಇದಕ್ಕೆ ಫಿಶ್ ಐ ಎನ್ನುತ್ತಾರೆ. ಅದೇ ಕೋಣೆಯಲ್ಲಿ ಸಿಲಿಕೋನ್ ಸ್ಪ್ರೇ ಅಥವಾ ಸಿಲಿಕೋನ್ ಗ್ರೀಸ್ ಬಳಸಿದರೂ ಇದೇ ಗತಿ. ಅಕ್ರಿಲಿಕ್ ಅಂಟಿನ ಮಾಸ್ಕಿಂಗ್ ಟೇಪು ತರಿಸಿಕೊಳ್ಳಿ.

ಸುಲಿದು ತೆಗೆಯುವ ಲೇಟೆಕ್ಸ್ ಮಾಸ್ಕ್ ಬಳಸುವುದಾದರೆ ಅಮೋನಿಯ ಇಲ್ಲದ್ದನ್ನೇ ಆರಿಸಿ. ನೈಸರ್ಗಿಕ ಲೇಟೆಕ್ಸ್‌ನಲ್ಲಿರುವ ಅಮೋನಿಯ ತಾಮ್ರವನ್ನು ಕಪ್ಪಾಗಿಸುತ್ತದೆ. ಟೇಪು ತೆಗೆಯುವ ಹೊತ್ತೂ ಮುಖ್ಯ. ಪದರ ಕೈಗೆ ಅಂಟದಷ್ಟು ಒಣಗಿ, ಇನ್ನೂ ಮೆತ್ತಗಿರುವಾಗಲೇ ಮಡಿಚಿ ನಿಧಾನಕ್ಕೆ ಎಳೆಯಿರಿ. ಮರುದಿನ ಎಳೆದರೆ ಅಂಚು ಹರಿದು, ಹರಿದ ಕಡೆಯಿಂದಲೇ ಪದರ ಏಳಲು ಶುರುವಾಗುತ್ತದೆ.

1ಬಿ73 ತೆಳ್ಳಗಿರುವುದರಿಂದ ಸಂದು ಸಿಕ್ಕಿದಲ್ಲೆಲ್ಲ ನುಗ್ಗುತ್ತದೆ. ಕನೆಕ್ಟರ್‌ನ ಮೇಲ್ಬಾಯಿ ಟೇಪಿನಿಂದ ಮುಚ್ಚಿದ್ದರೂ ಕೆಳಗಿನ ಪಿನ್ನುಗಳನ್ನು ಹಿಡಿದು ಮೇಲಕ್ಕೇರಿ ಕಾಂಟ್ಯಾಕ್ಟ್‌ಗೆ ತಲುಪಬಹುದು. ಕನೆಕ್ಟರಿನ ಬುಡದ ಸುತ್ತ ಗಟ್ಟಿ ಜೆಲ್‌ನಂಥ ಮಾಸ್ಕಿನ ಒಡ್ಡು ಕಟ್ಟಿಕೊಳ್ಳುವುದೇ ಇದಕ್ಕೆ ಉಪಾಯ. ಬಿಜಿಎ, ಕ್ಯೂಎಫ್ಎನ್‌ಗಳಂಥ, ಬೆಸುಗೆ ತಳದಲ್ಲೇ ಇರುವ ಐಸಿಗಳ ಅಡಿಗೆ ದ್ರವ ತುಂಬಿಕೊಳ್ಳುವುದನ್ನೂ ತಡೆಯಿರಿ. ಅಲ್ಲಿ ಗಾಳಿಯಾಡದೆ ದ್ರಾವಕ ದಿನಗಟ್ಟಲೆ ಉಳಿಯುತ್ತದೆ, ಗಟ್ಟಿಯಾದ ರಾಳ ಬಿಸಿಗೆ ಹಿಗ್ಗಿ ಐಸಿಯನ್ನು ಮೇಲಕ್ಕೆ ತಳ್ಳಿ ಬೆಸುಗೆಯನ್ನು ಎಳೆಯುತ್ತದೆ.

ಹಚ್ಚುವುದು, ಒಣಗಿಸುವುದು

ಒಣಗಿದ ಪದರ 25ರಿಂದ 75 ಮೈಕ್ರಾನ್ ಇರಬೇಕು ಎನ್ನುವುದು ತಯಾರಕರ ಸೂಚನೆ. ಬೋರ್ಡುಗಳ ಗುಣಮಟ್ಟ ತಪಾಸಣೆಯ ಮಾನದಂಡ ಐಪಿಸಿ-ಎ-610 ಅಕ್ರಿಲಿಕ್‌ಗೆ ಒಪ್ಪುವುದು 30ರಿಂದ 130 ಮೈಕ್ರಾನ್. ಎರಡಕ್ಕೂ ಹೊಂದುವಂತೆ 50 ಮೈಕ್ರಾನ್ ಗುರಿ ಇಟ್ಟುಕೊಳ್ಳಿ. ರಾಳ ತೂಕದಲ್ಲಿ ಶೇ. 30 ಇದ್ದರೂ ಗಾತ್ರದಲ್ಲಿ ಹೆಚ್ಚುಕಡಿಮೆ ಕಾಲು ಭಾಗವೇ ಉಳಿಯುವುದು. ಅಂದರೆ 50 ಮೈಕ್ರಾನ್ ಒಣ ಪದರಕ್ಕೆ ಒಟ್ಟು 200 ಮೈಕ್ರಾನ್ ಹಸಿ ಪದರ ಬೇಕು. ಅಷ್ಟನ್ನೂ ಒಂದೇ ಸಲ ಬಳಿದರೆ ಮೇಲ್ಮೈ ಮೊದಲು ಒಣಗಿ ಒಳಗಿನ ದ್ರಾವಕಕ್ಕೆ ದಾರಿ ಮುಚ್ಚುತ್ತದೆ, ಗುಳ್ಳೆ ಬರುತ್ತದೆ. 100 ಮೈಕ್ರಾನಿನ ಎರಡು ಹಸಿ ಪದರ ಸರಿಯಾದ ದಾರಿ. ಬಾಚಣಿಗೆ ಹಲ್ಲಿನಂಥ ವೆಟ್ ಫಿಲ್ಮ್ ಗೇಜ್ ಕಡಿಮೆ ಬೆಲೆಗೆ ಸಿಗುತ್ತದೆ, ಅದಿಲ್ಲದೆ ಕೆಲಸಕ್ಕಿಳಿಯಬೇಡಿ.

ಬ್ರಷ್ ಸಣ್ಣ ರಿಪೇರಿಗೆ ಮಾತ್ರ. ಪೂರ್ತಿ ಬೋರ್ಡನ್ನು ಬ್ರಷ್‌ನಿಂದ ಹಚ್ಚಿದರೆ ದಪ್ಪ ಒಂದೊಂದು ಕಡೆ ಒಂದೊಂದು ಥರ, ಪಿನ್ನಿನ ಹಿಂಬದಿ ಖಾಲಿ.

ಡಿಪ್ಪಿಂಗ್‌ನಲ್ಲಿ 1ಬಿ73 ಚೆನ್ನಾಗಿ ವರ್ತಿಸುತ್ತದೆ. ಬೋರ್ಡನ್ನು ನೇರವಾಗಿ ನಿಲ್ಲಿಸಿ ನಿಮಿಷಕ್ಕೆ 5ರಿಂದ 15 ಸೆಂಟಿಮೀಟರ್ ವೇಗದಲ್ಲಿ ಇಳಿಸಿ. ಗಾಳಿಗುಳ್ಳೆ ಬರುವುದು ಪೂರ್ತಿ ನಿಲ್ಲುವವರೆಗೆ ಒಳಗೇ ಬಿಡಿ. ಅಷ್ಟೇ ನಿಧಾನಕ್ಕೆ ಮೇಲೆತ್ತಿ. ಎತ್ತುವ ವೇಗ ಹೆಚ್ಚಾದಷ್ಟೂ ಪದರ ದಪ್ಪ, ಕೆಳಗಿನ ಅಂಚಿನಲ್ಲಿ ಸೋರಿಕೆ ಜಾಸ್ತಿ. ಎರಡನೇ ಅದ್ದುಗೆಯಲ್ಲಿ ಬೋರ್ಡನ್ನು ತಲೆಕೆಳಗು ಮಾಡಿದರೆ ಮೇಲಿನ ತೆಳು, ಕೆಳಗಿನ ದಪ್ಪ ಒಂದಕ್ಕೊಂದು ಸರಿಹೋಗುತ್ತದೆ. ತೊಟ್ಟಿಯಿಂದ ದ್ರಾವಕ ಹಾರುತ್ತಲೇ ಇರುವುದರಿಂದ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ತಳದ ತೂತಿನಿಂದ ದ್ರವ ಸೋರುವ ಹೊತ್ತಿನಿಂದ ಸ್ನಿಗ್ಧತೆ ಅಳೆಯುವ ಫೋರ್ಡ್ ಕಪ್‌ನಲ್ಲಿ ಸೆಕೆಂಡು ಎಣಿಸಿ, ಅದೇ ತಯಾರಕರ ಥಿನ್ನರ್ 73 ಬೆರೆಸಿ ಮೊದಲಿನ ಅಂಕಿಗೆ ತನ್ನಿ. ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಬೇಡವೇ ಬೇಡ: ಅದರಲ್ಲಿ ಏನಿದೆ, ಎಷ್ಟು ನೀರಿದೆ ಎಂದು ಡಬ್ಬಕ್ಕೊಂದು ಲೆಕ್ಕ.

ಸ್ಪ್ರೇಗೆ ಇನ್ನಷ್ಟು ತೆಳ್ಳಗೆ ಮಾಡಬೇಕು. ಒಂದಕ್ಕೆ ಒಂದು ಅಳತೆಯಿಂದ ಶುರುಮಾಡಿ, ಪರೀಕ್ಷೆಯ ತುಂಡಿನ ಮೇಲೆ ನೋಡಿ ಹೊಂದಿಸಿಕೊಳ್ಳಿ. ಗನ್ನಿನಿಂದ ಬರುವುದು ಜೇಡರ ಬಲೆಯ ಎಳೆಗಳಂತೆ ಕಂಡರೆ ದ್ರಾವಕ ಗಾಳಿಯಲ್ಲೇ ಒಣಗುತ್ತಿದೆ ಎಂದರ್ಥ: ಥಿನ್ನರ್ ಹೆಚ್ಚಿಸಿ, ಗಾಳಿಯ ಒತ್ತಡ ಇಳಿಸಿ, ಗನ್ನನ್ನು ಹತ್ತಿರ ತನ್ನಿ. ಮೇಲ್ಮೈ ಕಿತ್ತಳೆ ಸಿಪ್ಪೆಯಂತಾದರೂ ಮೊದಲು ನೋಡಬೇಕಾದದ್ದು ಇವೇ ಮೂರು. ಗನ್ನನ್ನು 45 ಡಿಗ್ರಿ ಓರೆ ಹಿಡಿದು, ಬೋರ್ಡನ್ನು ಕಾಲು ಸುತ್ತು ತಿರುಗಿಸುತ್ತ ನಾಲ್ಕೂ ದಿಕ್ಕಿನಿಂದ ಹೊಡೆದರೆ ಮಾತ್ರ ದೊಡ್ಡ ಕೆಪಾಸಿಟರುಗಳ ನೆರಳಿನಲ್ಲಿ ಅಡಗಿದ ಪಿನ್ನುಗಳಿಗೆ ಕೋಟಿಂಗ್ ಮುಟ್ಟುತ್ತದೆ.

ಮಳೆಗಾಲದಲ್ಲಿ ಎಲ್ಲರನ್ನೂ ಕಾಡುವುದು ಬಿಳಿಚುವಿಕೆ. ದ್ರಾವಕ ಹಾರುವಾಗ ಬೋರ್ಡಿನ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಶೇ. 70 ದಾಟಿದ್ದರೆ ಅದು ಇಬ್ಬನಿಯಾಗಿ ಹಸಿ ಪದರದ ಮೇಲೆ ಕೂತು ಹಾಲಿನಂಥ ಮಬ್ಬು ಮೂಡಿಸುತ್ತದೆ. ನೋಟ ಕೆಡುವುದಷ್ಟೇ ಅಲ್ಲ, ಅಂಟುವ ಬಲವೂ ಕುಗ್ಗುತ್ತದೆ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಹ್ಯೂಮಿಡಿಫೈಯರ್ ಇಲ್ಲದೆ ಈ ಕೆಲಸ ಆಗುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲೂ ಮಳೆ ಬಿದ್ದ ಬೆಳಗ್ಗೆಗಳಲ್ಲಿ ಹೈಗ್ರೋಮೀಟರ್ ನೋಡಿಯೇ ಗನ್ ಕೈಗೆತ್ತಿಕೊಳ್ಳಬೇಕು. ಕೋಣೆ 20ರಿಂದ 25 ಡಿಗ್ರಿ, ತೇವ ಶೇ. 60ರೊಳಗೆ ಇದ್ದರೆ ನಿಶ್ಚಿಂತೆ. ಗಾಳಿಯ ಕಂಪ್ರೆಸರ್‌ಗೆ ನೀರು ಮತ್ತು ಎಣ್ಣೆ ಹಿಡಿಯುವ ಫಿಲ್ಟರ್ ಇರಲೇಬೇಕು. ಗನ್ನಿನ ಮೂಲಕ ಎಣ್ಣೆ ಬಂದರೂ ಅದೇ ಫಿಶ್ ಐ.

ಹತ್ತು ನಿಮಿಷದಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ. ಪೂರ್ತಿ ಒಣಗಲು ಕೋಣೆಯ ಬಿಸಿಯಲ್ಲಿ 24 ಗಂಟೆ, ಅಥವಾ 76 ಡಿಗ್ರಿ ಓವನ್‌ನಲ್ಲಿ 30 ನಿಮಿಷ. ಹಸಿ ಬೋರ್ಡನ್ನು ನೇರವಾಗಿ ಓವನ್‌ಗೆ ತಳ್ಳಿದರೆ ದ್ರಾವಕ ಕುದಿದು ಗುಳ್ಳೆ ಏಳುತ್ತದೆ, ಸಾದಾ ಓವನ್ ಆದರೆ ಬೆಂಕಿಯ ಅಪಾಯವೂ ಇದೆ. ಹೊರಗೆ ಕಾಲು ಗಂಟೆ ಬಿಟ್ಟು, ಹೊಗೆ ಎಳೆಯುವ ಫ್ಯಾನ್ ಇರುವ ಓವನ್‌ಗೇ ಹಾಕಿ. ವಿದ್ಯುತ್ ಗುಣಗಳು ತಮ್ಮ ಪೂರ್ಣ ಮಟ್ಟಕ್ಕೆ ಬರಲು ಏಳು ದಿನ ಹಿಡಿಯುತ್ತದೆ. ಮರುದಿನವೇ ಡ್ಯಾಂಪ್ ಹೀಟ್ ಪರೀಕ್ಷೆಗೋ 5 ಶೇಕಡ ಉಪ್ಪಿನ ಸಾಲ್ಟ್ ಸ್ಪ್ರೇಗೋ ಕೊಟ್ಟು ಫೇಲ್ ಆಯಿತು ಎನ್ನುವುದು ನ್ಯಾಯವಲ್ಲ.

ಕೋಣೆಯಲ್ಲಿ ಎಕ್ಸಾಸ್ಟ್, ಕಿಡಿ ಹಾರದ ಮೋಟಾರು ಮತ್ತು ಸ್ವಿಚ್ಚು, ಅರ್ಥ್ ಮಾಡಿದ ತೊಟ್ಟಿ ಕಡ್ಡಾಯ. ಮೂಗಿಗೆ ಆರ್ಗಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಧೂಳಿನ ಮಾಸ್ಕು ದ್ರಾವಕದ ಆವಿಯನ್ನು ಒಂದಿಷ್ಟೂ ತಡೆಯುವುದಿಲ್ಲ, ಕೆಲಸದ ಹುಡುಗರಿಗೆ ಅದನ್ನೇ ಕೊಟ್ಟು ಕೂರಿಸುವುದು ಅನ್ಯಾಯ.

ಕತ್ತಲಲ್ಲಿ ನೋಡಿದಾಗ

1ಬಿ73ರಲ್ಲಿ ಹೊಳೆಯುವ ವಸ್ತು ಬೆರೆತಿದೆ. 365 ನ್ಯಾನೋಮೀಟರಿನ ಯುವಿ ದೀಪದ ಕೆಳಗೆ ಕೋಟಿಂಗ್ ಇರುವ ಕಡೆ ನೀಲಿಯಾಗಿ ಬೆಳಗುತ್ತದೆ, ಇಲ್ಲದ ಕಡೆ ಕಪ್ಪು. ನೋಟು ನೋಡುವ ಅಗ್ಗದ ನೇರಳೆ ಟಾರ್ಚುಗಳಲ್ಲಿ ದೀಪದ್ದೇ ನೇರಳೆ ಬೆಳಕು ಕಣ್ಣಿಗೆ ಹೊಡೆದು ತೆಳು ಜಾಗ ತಿಳಿಯುವುದಿಲ್ಲ. ಫಿಲ್ಟರ್ ಇರುವ 365ರ ದೀಪವೇ ಬೇಕು.

ದೀಪದ ಕೆಳಗೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಒಂದು ಐಸಿಯ ಕಾಲುಗಳನ್ನು ನೋಡಿ. ಕಾಲಿನ ಚಪ್ಪಟೆ ಬೆನ್ನು ಹೊಳೆಯುತ್ತದೆ, ಬೆಸುಗೆ ಸೇರುವ ಮೂಲೆಯಲ್ಲಿ ರಾಳ ಮಡುಗಟ್ಟಿ ಇನ್ನೂ ಜೋರಾಗಿ ಹೊಳೆಯುತ್ತದೆ, ಆದರೆ ಕಾಲು ಬಾಗುವಲ್ಲಿನ ಚೂಪು ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಒಣಗುವ ದ್ರವ ತನ್ನ ಮೇಲ್ಮೈ ಎಳೆತದಿಂದ ಅಂಚನ್ನು ಬಿಟ್ಟು ಹಿಂದೆ ಸರಿದ ಜಾಗ ಅದು. ಚಪ್ಪಟೆ ಜಾಗದಲ್ಲಿ 50 ಮೈಕ್ರಾನ್ ಅಳೆದಿದ್ದರೂ ಅಂಚಿನಲ್ಲಿ ಬೆರಳೆಣಿಕೆಯ ಮೈಕ್ರಾನ್ ಮಾತ್ರ ಇರಬಹುದು. ತುಕ್ಕು ಮೊದಲು ಹಿಡಿಯುವುದು ಅಲ್ಲೇ. ದ್ರಾವಕ ಆಧಾರಿತ ಎಲ್ಲ ಕೋಟಿಂಗ್‌ಗಳಿಗೂ ಇರುವ ದೌರ್ಬಲ್ಯ ಇದು. 1ಬಿ73 ಇದರಿಂದ ತಪ್ಪಿಸಿಕೊಂಡಿಲ್ಲ. ಎರಡು ತೆಳು ಪದರ ಹಾಕಬೇಕು ಎನ್ನುವುದಕ್ಕೆ ದೊಡ್ಡ ಕಾರಣವೂ ಇದೇ.

ದಪ್ಪ ಅಳೆಯಲು ಎಡ್ಡಿ ಕರೆಂಟ್ ಗೇಜ್‌ಗೆ ಅಗಲವಾದ ತಾಮ್ರದ ಮೈ ಬೇಕು, ತುಂಬಿದ ಬೋರ್ಡಿನಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಪ್ರತಿ ಬ್ಯಾಚಿನ ಜೊತೆ ಒಂದು ಖಾಲಿ ತುಂಡನ್ನೂ ಕೋಟ್ ಮಾಡಿ ಅದರ ಮೇಲೆ ಅಳೆದು, ತುಂಡನ್ನು ಬ್ಯಾಚ್ ನಂಬರ್ ಬರೆದು ಎತ್ತಿಡಿ.

ರಿಪೇರಿ: ಇದಕ್ಕಾಗಿಯೇ ಕೊಳ್ಳುವುದು

ಒಂದು ರೆಸಿಸ್ಟರ್ ಬದಲಿಸಬೇಕಿದ್ದರೆ ಪದರದ ಮೇಲಿಂದಲೇ ಐರನ್ ಇಟ್ಟು ಕಳಚಬಹುದು, ಅಕ್ರಿಲಿಕ್ ಬಿಸಿಗೆ ಕರಗಿ ಸರಿಯುತ್ತದೆ. ಹೊಗೆ ಎಳೆಯುವ ಫ್ಯಾನ್ ಹತ್ತಿರವಿರಲಿ, ಬಿಟ್ ಕಪ್ಪಾಗುವುದರಿಂದ ಆಗಾಗ ಒರೆಸಿ. ಆದರೆ ಚೊಕ್ಕ ಕೆಲಸ ಬೇಕಿದ್ದರೆ ಪದರ ತೆಗೆದೇ ಬೆಸುಗೆ ಹಾಕಬೇಕು. ಥಿನ್ನರ್ 73ರಲ್ಲಿ ಅದ್ದಿದ ಹತ್ತಿಯ ಸಣ್ಣ ತುಂಡನ್ನು ಆ ಜಾಗದ ಮೇಲಿಟ್ಟು, ಹಾರದಂತೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ಹತ್ತು ನಿಮಿಷ ಬಿಡಿ. ತೆಗೆದ ಕೂಡಲೇ ಎಳೆ ಬಿಡದ ಬಟ್ಟೆಯಿಂದ ಒರೆಸಿ, ಅದೇ ಬಟ್ಟೆಯ ಹೊಸ ಮುಖದಿಂದ ಮತ್ತೊಮ್ಮೆ ಒರೆಸಿ. ಕರಗಿದ ರಾಳವನ್ನು ಅಲ್ಲೇ ಮತ್ತೆ ಒಣಗಲು ಬಿಟ್ಟರೆ ಬೆಸುಗೆಯ ಜಾಗದಲ್ಲಿ ತೆಳುವಾದ ಪೊರೆ ಕೂತು ಸೋಲ್ಡರ್ ಹತ್ತುವುದಿಲ್ಲ. ಐಪಿಎ ಇದಕ್ಕೆ ನೆಚ್ಚಿಕೊಳ್ಳುವಂಥದ್ದಲ್ಲ. ಪಾಲಿಕಾರ್ಬೊನೇಟ್ ಕನೆಕ್ಟರ್, ಡಿಸ್ಪ್ಲೇ ಕಿಟಕಿ ಹತ್ತಿರವಿದ್ದರೆ ದ್ರಾವಕ ಅದನ್ನು ಬಿರುಕುಬಿಡಿಸುತ್ತದೆ, ಮೊದಲೇ ಮುಚ್ಚಿಕೊಳ್ಳಿ. ಪೂರ್ತಿ ಬೋರ್ಡು ಬಿಚ್ಚಲು ತಯಾರಕರ ಸ್ಟ್ರಿಪ್ಪರ್ 1080 ಇದೆ.

ಭಾಗ ಬದಲಿಸಿ, ಫ್ಲಕ್ಸ್ ತೊಳೆದು, ಒಣಗಿಸಿ, ಮತ್ತೆ ಹಚ್ಚುವಾಗ ಹಳೆಯ ಪದರದ ಮೇಲೂ ನಾಲ್ಕೈದು ಮಿಲಿಮೀಟರ್ ಬರುವಂತೆ ಹಚ್ಚಿ. ಹೊಸ ದ್ರಾವಕ ಹಳೆಯ ಅಂಚನ್ನು ಕರಗಿಸಿ ಎರಡೂ ಒಂದಾಗುತ್ತವೆ, ಜೋಡಣೆಯ ಗೆರೆ ಉಳಿಯುವುದಿಲ್ಲ. ಯುರೆಥೇನ್‌ನಲ್ಲಾಗಲೀ ಎಪಾಕ್ಸಿಯಲ್ಲಾಗಲೀ ಈ ಅನುಕೂಲ ಇಲ್ಲ. ಅಲ್ಲಿ ಕೆರೆಯಬೇಕು, ಇಲ್ಲವೇ ಸಣ್ಣ ಮರಳಿನ ಗಾಳಿಯಿಂದ ಉಜ್ಜಬೇಕು, ಟ್ರ್ಯಾಕ್ ಕಿತ್ತುಬರುವ ಭಯ ಬೇರೆ. ಪಂಪ್‌ಸೆಟ್ ಕಂಟ್ರೋಲರ್, ಯುಪಿಎಸ್, ಲಿಫ್ಟ್ ಕಾರ್ಡು, ಸಿಎನ್‌ಸಿ ಡ್ರೈವ್ ಹೀಗೆ ಊರೂರಲ್ಲಿ ರಿಪೇರಿಯಾಗುವ ಬೋರ್ಡುಗಳಿಗೆ ಅಕ್ರಿಲಿಕ್ ಹಾಕುವುದು, ಮುಂದೆ ಅದನ್ನು ಬಿಚ್ಚಿ ಕೂರುವ ಮೆಕ್ಯಾನಿಕ್‌ಗೆ ಮಾಡುವ ದೊಡ್ಡ ಉಪಕಾರ.

ಎಲ್ಲಿ ಬೇಡ

125 ಡಿಗ್ರಿ ದಾಟುವ ಕಡೆ ಬೇಡ. ಎಂಜಿನ್ ಪಕ್ಕ, ಎಲ್‌ಇಡಿ ದೀಪಗಳ ಬಿಸಿ ಡ್ರೈವರ್‌ಗಳಲ್ಲಿ ಡೌನವರ 1-2577ನಂಥ ಸಿಲಿಕೋನ್ ಉತ್ತಮ, ಆ ಜಾತಿ 200 ಡಿಗ್ರಿವರೆಗೆ ತಾಳುತ್ತದೆ. ಆದರೆ ಸಿಲಿಕೋನ್‌ಗೆ 50ರಿಂದ 210 ಮೈಕ್ರಾನ್ ದಪ್ಪ ಬೇಕು. ತೆರೆದ ರಿಲೇ ಹತ್ತಿರವಿದ್ದರೆ ಅದರ ಆವಿ ಕಿಡಿಗೆ ಸುಟ್ಟು ಕಾಂಟ್ಯಾಕ್ಟ್ ಮೇಲೆ ಸಿಲಿಕಾ ಕೂರುತ್ತದೆ. ಗಂಧಕದ ಅನಿಲವನ್ನು ಅದು ಸುಲಭವಾಗಿ ಒಳಗೆ ಬಿಡುವುದರಿಂದ ಒಳಚರಂಡಿ ಸಂಸ್ಕರಣಾ ಘಟಕ, ರಬ್ಬರ್ ಕಾರ್ಖಾನೆಗಳಲ್ಲಿ ಚಿಪ್ ರೆಸಿಸ್ಟರುಗಳ ಬೆಳ್ಳಿ ತಿಂದುಹೋಗುತ್ತದೆ. ಇಂಧನ, ದ್ರಾವಕ ತಾಗುವ ಕಡೆ ಹ್ಯೂಮಿಸೀಲ್‌ನದೇ 1ಎ33ನಂಥ ಯುರೆಥೇನ್ ಸರಿ, ರಿಪೇರಿಯ ಆಸೆ ಬಿಟ್ಟಿದ್ದರೆ. ಅಂಚು, ಸಂದು ಯಾವುದನ್ನೂ ಬಿಡದೆ ಒಂದೇ ದಪ್ಪ ಬೇಕೆಂದರೆ ನಿರ್ವಾತದಲ್ಲಿ ಆವಿಯಾಗಿ ಕೂರುವ ಪ್ಯಾರಿಲೀನ್ ಒಂದೇ. ಅದಕ್ಕೆ ಯಂತ್ರವೂ ಬೆಲೆಯೂ ಬೇರೆಯೇ ಮಟ್ಟದವು.

ಕೋಟಿಂಗ್ ಹಾಕಿದ್ದೇವೆ ಎಂದು 230 ವೋಲ್ಟಿನ ಟ್ರ್ಯಾಕ್‌ಗಳ ಅಂತರ ಕಡಿಮೆ ಮಾಡುವುದು ಅಪಾಯ. ಹಾಗೆ ಮಾಡಲು ಐಇಸಿ 60664-3ರ ಪ್ರಕಾರ ಆ ಬೋರ್ಡೂ ಆ ಕೋಟಿಂಗೂ ಒಟ್ಟಾಗಿ ಪರೀಕ್ಷೆ ಪಾಸಾಗಿರಬೇಕು. ತೋಟದ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಲ್ಲಿ, ಇರುವೆ ಸೇರುವುದನ್ನೂ 50 ಮೈಕ್ರಾನ್ ರಾಳ ತಡೆಯುವುದಿಲ್ಲ. ಪೆಟ್ಟಿಗೆಯ ಕೇಬಲ್ ಗ್ಲ್ಯಾಂಡು, ಗ್ಯಾಸ್ಕೆಟ್ಟು ಸರಿಯಿರಬೇಕು.

ಎಷ್ಟು ಬೇಕು, ಹೇಗೆ ಕೊಳ್ಳಬೇಕು

ಲೀಟರಿಗೆ ಸುಮಾರು 900 ಗ್ರಾಂ ತೂಗುವ ಈ ದ್ರವದಿಂದ 50 ಮೈಕ್ರಾನ್ ಒಣ ಪದರಕ್ಕೆ ಚದರ ಮೀಟರಿಗೆ 200 ಮಿಲಿ ಬೇಕಾಗುತ್ತದೆ. 10×15 ಸೆಂಟಿಮೀಟರ್ ಬೋರ್ಡಿನ ಎರಡೂ ಬದಿಗೆ 6 ಮಿಲಿ. ಲೀಟರಿಗೆ 160 ಬೋರ್ಡು ಎಂಬುದು ಕಾಗದದ ಲೆಕ್ಕ. ಕೈ ಸ್ಪ್ರೇಯಲ್ಲಿ ಅರ್ಧ ಗಾಳಿಗೆ ಹೋಗುತ್ತದೆ, 80 ಎಂದೇ ಹಿಡಿದು ದರ ಹಾಕಿ. ಏರೋಸಾಲ್ ಕ್ಯಾನಿನಲ್ಲಿ ರಾಳ ಇನ್ನೂ ಕಡಿಮೆ, ಪದರಗಳು ಹೆಚ್ಚು ಬೇಕು. ಮಾದರಿ ಬೋರ್ಡಿಗೆ, ಸೈಟಿನ ರಿಪೇರಿಗೆ ಅದು ಸಾಕು. ಬಳಸಿದ ಮೇಲೆ ಕ್ಯಾನನ್ನು ತಲೆಕೆಳಗು ಹಿಡಿದು ಬರೀ ಗಾಳಿ ಬರುವವರೆಗೆ ಒತ್ತಿದರೆ ನಾಝಲ್ ಕಟ್ಟುವುದಿಲ್ಲ.

ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹೆಸರಿಲ್ಲದ ಪಿಸಿಬಿ ಲ್ಯಾಕರ್ ಇದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಹವ್ಯಾಸದ ಕೆಲಸಕ್ಕೆ ಆಗಬಹುದು. ಗ್ಯಾರಂಟಿ ಕೊಟ್ಟು ಮಾರುವ ಬೋರ್ಡಿಗೆ ಆಗದು, ಅದರ ರಾಳ ಯಾವುದು, ದಹನ ಪರೀಕ್ಷೆ ಆಗಿದೆಯೇ ಎಂಬುದಕ್ಕೆ ಕಾಗದವೇ ಇರುವುದಿಲ್ಲ. 1ಬಿ73 ಕೊಳ್ಳುವಾಗಲೂ ಬಾಟಲಿಗೆ ಸುರಿದುಕೊಟ್ಟದ್ದನ್ನು ತೆಗೆದುಕೊಳ್ಳಬೇಡಿ. ಸೀಲ್ ಇರುವ ಡಬ್ಬ, ಮೇಲೆ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನ, ಅದೇ ಬ್ಯಾಚಿನ ಅನುಸರಣಾ ಪ್ರಮಾಣಪತ್ರ ಮೂರೂ ಕೇಳಿ ಪಡೆಯಿರಿ. ಥಿನ್ನರನ್ನೂ ಅದೇ ಆರ್ಡರ್‌ನಲ್ಲಿ ತರಿಸಿ, ಇಲ್ಲದಿದ್ದರೆ ತೊಟ್ಟಿ ಗಟ್ಟಿಯಾದ ದಿನ ಯಾರೋ ಪೇಂಟ್ ಅಂಗಡಿಗೆ ಓಡುತ್ತಾರೆ.